ಲೋಟ ಕಿವಿಗೆ ಹೋಗುವ ಇಪ್ಪತ್ತು ಹಾಳೆ

ನೀರು ಬರುವ ಮುಂಚೆ ನಮ್ಮ ಅಡುಗೆಮನೆ ಗೋಡೆಯ ಪೈಪು ಮೂರು ಸಲ ಕೆಮ್ಮುತ್ತದೆ. ಅಮ್ಮ ಇದ್ದಾಗ ಅದಕ್ಕೆ ಉತ್ತರ ಕೊಡುತ್ತಿದ್ದಳು. "ಬಂದೆನಪ್ಪಾ, ಬಂದೆ."

ಅಮ್ಮ ಹೋಗಿ ಹದಿನಾಲ್ಕು ತಿಂಗಳಾಯಿತು. ಈಗ ಪೈಪು ಕೆಮ್ಮಿ ಒಂದು ಗಳಿಗೆ ಕಾಯುತ್ತದೆ, ಆಮೇಲೆ ನೀರು ಬಿಡುತ್ತದೆ. ಆ ಗಳಿಗೆಯಲ್ಲಿ ನಾನೂ ಚಿಕ್ಕಮ್ಮನೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಚಿಕ್ಕಮ್ಮ ಅಮ್ಮನ ತಂಗಿ. ಅಮ್ಮ ತೀರಿಕೊಂಡ ಮೇಲೆ ನನಗೆ ಜೊತೆಯೆಂದು ಬಂದು ಇಲ್ಲೇ ಉಳಿದಳು. ಕಾರ್ಟೂನ್ ಸಿನಿಮಾ ಮಾಡುವ ಕಡೆ ಹದಿನೆಂಟು ವರ್ಷದಿಂದ ಚಿತ್ರ ಬಿಡಿಸುತ್ತಾಳೆ. ಕೇಳಿದವರು ದೊಡ್ಡದೇನೋ ಅಂದುಕೊಳ್ಳುತ್ತಾರೆ. ಒಂದು ಚಲನೆಯ ಮೊದಲ ಚಿತ್ರ, ಕೊನೆಯ ಚಿತ್ರ ಮೇಲಿನವರು ಬಿಡಿಸುತ್ತಾರೆ. ನಡುವಿನವು ಇವಳ ಪಾಲು. "ತಲೆ ಅವರದು, ಬಾಲ ಅವರದು. ಹೊಟ್ಟೆ ಮಾತ್ರ ನನ್ನದು" ಎಂದು ತನ್ನ ಹೊಟ್ಟೆಯನ್ನೇ ತಟ್ಟಿಕೊಂಡು ನಗುತ್ತಾಳೆ.

ಈ ಸಲದ ಸಿನಿಮಾದಲ್ಲಿ ಸತ್ತ ಮುದುಕಿಯೊಬ್ಬಳು ಒಂದು ಬಾಗಿಲ ಮುಂದೆ ನಿಲ್ಲುತ್ತಾಳೆ. ಏನು ಮಾಡಲಿಕ್ಕೆ ಹುಟ್ಟಿದ್ದೆ ಎಂದು ಒಳಗಿನಿಂದ ಕೇಳುತ್ತಾರೆ. ಅವಳಿಗೆ ನೆನಪಾಗುವುದು ಲೋಟ ತೊಳೆದದ್ದು, ಯಾರದೋ ಶೂ ದಾರ ಕಟ್ಟಿದ್ದು, ಬಿಸಿಲು ಬಿದ್ದ ನೆಲದ ಮೇಲೆ ಕಾಲಿಟ್ಟದ್ದು, ಇಷ್ಟೇ. ಲೋಟದ ದೃಶ್ಯ ಚಿಕ್ಕಮ್ಮನಿಗೆ ಬಂತು. ಮೊದಲ ಚಿತ್ರದಲ್ಲಿ ಮುದುಕಿ ಗಾಜಿನ ಲೋಟ ಒರೆಸುತ್ತಾಳೆ. ಕೊನೆಯದರಲ್ಲಿ ಅದು ಕಪಾಟಿನ ಮೇಲಿದೆ. ನಡುವೆ ಇಪ್ಪತ್ತು ಹಾಳೆ.

ಚಿಕ್ಕಮ್ಮ ಬಿಡಿಸಿದಳು. ಅವಳ ಮೇಲಿನವರಿಗೆ ಎಲ್ಲರೂ ಇಟ್ಟ ಹೆಸರು ಉಗುರು, ಯಾವಾಗಲೂ ಅದನ್ನೇ ಕಡಿಯುತ್ತಿರುತ್ತಾರೆ. ಅವರು ಹಾಳೆಗಳ ಅಂಚು ಹಿಡಿದು ಸರಸರನೆ ಮಗುಚಿ ನೋಡಿದರು.

"ಏನಮ್ಮಾ ಇದು? ನಿಮ್ಮಜ್ಜಿ ಲೋಟದಲ್ಲಿ ಫೋನ್ ಮಾಡ್ತಿದ್ದಾಳಾ?"

ಕಪಾಟಿಗೆ ಹೋಗಬೇಕಾದ ಲೋಟ ಅರ್ಧ ದಾರಿಯಲ್ಲಿ ತಿರುಗಿ ಮುದುಕಿಯ ಕಿವಿಗೆ ಹೋಗಿತ್ತು.

ಅದು ಅಮ್ಮನ ಅಭ್ಯಾಸ. ಒರೆಸಿದ ಲೋಟವನ್ನು ಕಿವಿಗೆ ಹಿಡಿದು ಏನೋ ಕೇಳಿಸಿಕೊಂಡು ಆಮೇಲೆ ಇಡುತ್ತಿದ್ದಳು. ಏನಮ್ಮ ಅದು ಅಂದರೆ, "ಕುಡಿದು ಹೋದವರು ಇನ್ನೂ ಮಾತು ಮುಗಿಸಿಲ್ಲ, ಸುಮ್ಮನಿರು" ಅನ್ನುತ್ತಿದ್ದಳು.

ಚಿಕ್ಕಮ್ಮ ಎರಡನೇ ಸಲ ಬಿಡಿಸಿದಳು. ಲೋಟ ಮತ್ತೆ ಕಿವಿಗೆ ಹೋಯಿತು. ಮೂರನೇ ಸಲವೂ ಹಾಗೇ ಆದಾಗ ಆ ಹಾಳೆಗಳ ಕಟ್ಟನ್ನು ಉಗುರಿಗೆ ತೋರಿಸದೆ ಚೀಲದಲ್ಲಿಟ್ಟುಕೊಂಡು ಮನೆಗೆ ತಂದಳು. "ನಾನು ಬಿಡಿಸ್ತಿಲ್ಲ ಕಣೇ, ಅದಾಗೇ ಬರ್ತಿದೆ" ಅಂದಳು. ನಗಲಿಲ್ಲ.

ಸಾಯುವ ಮೂರು ದಿನ ಮೊದಲು ಅಮ್ಮ ಅವಳಿಗೆ ಫೋನ್ ಮಾಡಿದ್ದಳು. ನಾನು ಪಕ್ಕದಲ್ಲೇ ಇದ್ದೆ. "ಸುಮ್ಮನೆ ಬಾರೇ, ಒಂದು ಲೋಟ ಚಹಾ ಕುಡಿದು ಹೋಗು." ಆ ಕಡೆಯಿಂದ ಏನೋ ಕೇಳಿಸಿತು. "ವಿಶೇಷ ಇದ್ದರೇನೇ ಬರಬೇಕಾ?" ಎಂದಳು ಅಮ್ಮ. ಚಿಕ್ಕಮ್ಮನಿಗೆ ಆ ವಾರ ಕೆಲಸದ ಗಡುವು. ಮುಂದಿನ ವಾರ ಬರುತ್ತೇನೆಂದಳು, ಬಂದಳು ಕೂಡ. ಅಂಗಳದ ತುಂಬ ಚಪ್ಪಲಿಗಳಿದ್ದವು.

ನಿನ್ನೆ ನಾಲ್ಕನೇ ಸಲ ಬಿಡಿಸಿದಾಗ ಲೋಟ ನೆಟ್ಟಗೆ ಕಪಾಟಿಗೆ ಹೋಯಿತು. ಉಗುರು ಬೆನ್ನು ತಟ್ಟಿದರು. ಚಿಕ್ಕಮ್ಮ ಮುಖ ಬಿಳಿಚಿಕೊಂಡು ಮನೆಗೆ ಬಂದಳು.

ಇವತ್ತು ಬೆಳಿಗ್ಗೆ ಲೋಟ ತೊಳೆಯುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು. "ಯಾವ ಕಿವಿ?"

"ಏನು?"

"ಅಕ್ಕ ಲೋಟ ಯಾವ ಕಿವಿಗೆ ಇಡ್ತಿದ್ದಳು? ಹೇಳೇ."

ನಾನು ಬಾಯಿ ತೆರೆದೆ. ಹತ್ತೊಂಬತ್ತು ವರ್ಷ ದಿನಾ ಕಂಡದ್ದು. ಬಲ ಅಂದುಕೊಂಡರೆ ಬಲ ಅನ್ನಿಸಿತು, ಎಡ ಅಂದುಕೊಂಡರೆ ಎಡ. ಕೈ ನೆನಪಿತ್ತು, ಒದ್ದೆ ಬಳೆ ನೆನಪಿತ್ತು, ಯಾವ ಕಿವಿ ಎಂಬುದನ್ನು ಮಾತ್ರ ಯಾರೋ ರಬ್ಬರಿನಿಂದ ಉಜ್ಜಿದ ಹಾಗಿತ್ತು.

"ಗೊತ್ತಿಲ್ಲ ಚಿಕ್ಕಮ್ಮ."

ಅವಳು ಒದ್ದೆ ಕೈಯಲ್ಲೇ ಚೀಲ ತೆರೆದು ಮೂರನೇ ಕಟ್ಟು ತೆಗೆದಳು. ಹೆಬ್ಬೆರಳಿನಿಂದ ಹಾಳೆ ಬಿಟ್ಟಳು. ಬಲಗೈಯಲ್ಲಿ ಬಟ್ಟೆ, ಎಡಗೈಯಲ್ಲಿ ಲೋಟ. ಅದು ಏರಿತು, ಹೊರಳಿತು, ಎಡಗಿವಿಗೆ ಹತ್ತಿತು. ಮುಖ ಸಿನಿಮಾದ ಮುದುಕಿಯದೇ. ಕತ್ತು ವಾಲಿಸಿದ ರೀತಿ ಮಾತ್ರ ಅವಳದಲ್ಲ. ನನ್ನ ಬೆನ್ನಿನ ಹಿಂದೆ ಯಾರೋ ನಿಂತು ಅದನ್ನೇ ಮಾಡುತ್ತಿದ್ದಾರೆ ಅನ್ನಿಸಿತು. ತಿರುಗಿ ನೋಡಲಿಲ್ಲ.

"ಇದು ಬಿಟ್ಟರೆ ಅಕ್ಕ ಇನ್ನೆಲ್ಲೂ ಇಲ್ಲ" ಅಂದಳು ಚಿಕ್ಕಮ್ಮ. "ಹತ್ತಕ್ಕೆ ಕ್ಯಾಮೆರಾದವರು ನಿನ್ನೆಯ ಕಟ್ಟು ತಗೋತಾರೆ. ಉಗುರು ಬರೋದು ಹನ್ನೊಂದಕ್ಕೆ."

"ಬದಲಾಯಿಸ್ತೀಯಾ? ಗೊತ್ತಾದರೆ ಕೆಲಸ ಹೋಗುತ್ತೆ."

"ಹೊಟ್ಟೆ ನನ್ನದಲ್ವೇನೇ." ಈ ಸಲ ತಟ್ಟಿಕೊಳ್ಳಲಿಲ್ಲ. ಕಟ್ಟನ್ನು ಚೀಲಕ್ಕೆ ಹಾಕಿ ಚಪ್ಪಲಿ ಮೆಟ್ಟಿದಳು.

ಗೋಡೆಯೊಳಗೆ ಪೈಪು ಕೆಮ್ಮಿತು. ಒಂದು, ಎರಡು, ಮೂರು. ಕಾಯಿತು.

ಚಿಕ್ಕಮ್ಮ ಹೊಸ್ತಿಲಲ್ಲಿ ನಿಂತಳು. "ಬಂದೆ ಅಕ್ಕಾ" ಅಂದಳು, ಗೋಡೆಗೆ. "ಬಂದೆ. ಅವತ್ತು ನೀನು ಕರೆದಾಗ ನಾನು" ಎನ್ನುತ್ತಲೇ ಮೆಟ್ಟಿಲಿಳಿದಳು, ಉಳಿದ ಮಾತು ಅವಳ ಜೊತೆ ಬೀದಿಗೆ ಹೋಯಿತು.