ಬಾಗಿಲು ತೆಗೆಯದ ಡೈರೆಕ್ಟರು

ಕಳೆದ ಭಾನುವಾರ ಉಡುಪಿಯಲ್ಲಿ ಮ್ಯಾಟಿನಿ ನೋಡುತ್ತಿದ್ದಾಗ ನಮ್ಮ ಬಚ್ಚಲಿನಿಂದ ದೆವ್ವ ಹೊರಗೆ ಬಂತು.

ತಮಾಷೆಯಲ್ಲ. ಪರದೆಯ ಮೇಲಿದ್ದದ್ದು ಕಲ್ಯಾಣಪುರದಲ್ಲಿ ನಾವು ಬಾಡಿಗೆಗಿರುವ ಮನೆಯದೇ ಬಚ್ಚಲು. ಗೆದ್ದಲು ತಿಂದ ಅದೇ ಬಾಗಿಲು, ಒಂದು ಕಿವಿ ಮುರಿದ ಅದೇ ಹಂಡೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ವಾರಿಜ ತೋಳು ಚಿವುಟಿದಳು.

"ಇದು ನಮ್ಮ ಮನೆ ಅಲ್ವಾ ಮಾರಾಯ್ರೇ?"

ಹಳೆಯ ದೆವ್ವದ ಮನೆಯ ಚಿತ್ರವೊಂದರ ರೀಮೇಕ್ ಅದು. ಹಳೆಯದನ್ನು ಕಾಲೇಜಿನ ದಿನಗಳಲ್ಲಿ ಕಾರ್ಕಳದ ಟೆಂಟಿನಲ್ಲಿ ನೋಡಿದ್ದೆ. ಕಪ್ಪು ಬಿಳುಪು. ದೆವ್ವವನ್ನು ಒಮ್ಮೆಯೂ ತೋರಿಸಿರಲಿಲ್ಲ. ಆದರೂ ನಮ್ಮೂರು ಕುಕ್ಕುಂದೂರಿಗೆ ವಾಪಸು ನಡೆಯುವಾಗ ಸಾಲಿನ ಕೊನೆಯಲ್ಲಿ ಬರಲು ನಮ್ಮಲ್ಲಿ ಯಾರೂ ಒಪ್ಪಲಿಲ್ಲ!

ರೀಮೇಕಿನಲ್ಲಿ? ಕಲರ್ ದೆವ್ವ. ಮುಖದ ತುಂಬ ಪೌಡರ್, ಕಾಲಲ್ಲಿ ಹವಾಯಿ ಚಪ್ಪಲಿ (ನೀಲಿ ಪಟ್ಟಿ ಸ್ಪಷ್ಟವಾಗಿ ಕಾಣುತ್ತಿತ್ತು). ಜನ ಶಿಳ್ಳೆ ಹಾಕಿ ನಕ್ಕರು. ಇಡೀ ಥಿಯೇಟರಿನಲ್ಲಿ ಹೆದರಿದವರು ನಾವಿಬ್ಬರೇ. ಮನೆಗೆ ಹೋಗಿ ಅದೇ ಬಚ್ಚಲಿನಲ್ಲಿ ಕಾಲು ತೊಳೆಯಬೇಕಾದವರೂ ನಾವಿಬ್ಬರೇ ತಾನೇ?

ಚಪ್ಪಲಿಯ ದೆವ್ವವನ್ನಾದರೂ ಮರೆಯಬಹುದಿತ್ತು. ಇಂಟರ್ವಲ್ ಆದ ಮೇಲೆ ಇನ್ನೊಂದು ದೃಶ್ಯ ಬಂತು.

ನಮ್ಮ ಕಡೆ ಸತ್ತವರಿಗೆ ಎಲೆ ಹಾಕುವ ಕ್ರಮ ನಿಮಗೆ ಗೊತ್ತೇ ಇದೆ. ಕೋಣೆಯೊಳಗೆ ಬಾಳೆ ಎಲೆ ಇಟ್ಟು ಬಡಿಸುತ್ತೇವೆ. ಬಂದು ಉಣ್ಣಿ ಎಂದು ಕರೆದು ಬಾಗಿಲು ಮುಚ್ಚುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ತಟ್ಟಿ ಬಾಗಿಲು ತೆರೆದು, ಉಂಡವರನ್ನು ಕೈಮುಗಿದು ಕಳುಹಿಸುತ್ತೇವೆ. ಹಳೆಯ ಚಿತ್ರದಲ್ಲಿ ಇದೆಲ್ಲ ಸರಿಯಾಗಿ ಇತ್ತು. ಬಾಗಿಲು ತೆರೆಯುವಾಗ ಟೆಂಟಿಗೆ ಟೆಂಟೇ ಉಸಿರು ಬಿಗಿಹಿಡಿದಿತ್ತು.

ಇಲ್ಲಿ ಹೀರೋಯಿನ್ ಎಲೆ ಹಾಕಿದಳು, ಕರೆದಳು, ಬಾಗಿಲು ಮುಚ್ಚಿದಳು. ಮುಂದಿನ ಶಾಟ್‌ನಲ್ಲಿ ಕಾಪು ಬೀಚಿನಲ್ಲಿ ಡ್ಯುಯೆಟ್!

"ಬಾಗಿಲು ತೆಗೀಲೇ ಇಲ್ಲ," ಎಂದಳು ವಾರಿಜ.

ಅವಳು ಹಾಗೆನ್ನಲು ಕಾರಣವಿತ್ತು. ಪರದೆಯ ಮೇಲೆ ಮುಚ್ಚಿದ ಆ ಬಾಗಿಲು ನಮ್ಮ ಮನೆಯಲ್ಲಿ ಆಗಲೂ ಮುಚ್ಚಿಯೇ ಇತ್ತು. ಮನೆಯ ಯಜಮಾನರು ಗಲ್ಫಿನಲ್ಲಿದ್ದಾರೆ. ಅವರ ಸಾಮಾನು ತುಂಬಿದ ಹಿಂದಿನ ಕೋಣೆಯೊಂದಕ್ಕೆ ಬೀಗ ಹಾಕಿ, ಉಳಿದದ್ದನ್ನು ನಮಗೆ ಕೊಟ್ಟಿದ್ದಾರೆ. ಬಂದ ಹೊಸದರಲ್ಲಿ ಆ ಕಡೆಯಿಂದ ಹಳಸಿದ ವಾಸನೆ ಬರುತ್ತಿತ್ತು. ಇಲಿ ಸತ್ತಿರಬೇಕು ಎಂದು ನಾನು ಅವಳ ಬಾಯಿ ಮುಚ್ಚಿಸಿದ್ದೆ.

ಅವಳೀಗ ತುಂಬಿದ ಬಸುರಿ. ನಾನು ಮಣಿಪಾಲದ ಆಫೀಸಿಗೆ ಹೊರಟರೆ ಹಗಲಿಡೀ ಒಬ್ಬಳೇ. ಸಿನಿಮಾ ಮುಗಿಸಿ ಮನೆಗೆ ಬಂದವಳು ಒಳಗೆ ಕಾಲಿಡದೆ ಜಗಲಿಯಲ್ಲೇ ಕೂತಳು.

"ಕರೆದವರನ್ನು ಕಳಿಸದೆ ಹೋಗಿದ್ದಾರೆ. ನಾನು ಹೆರಿಗೆಗೆ ಕಾರ್ಕಳಕ್ಕೆ ಹೋದವಳು ಈ ಮನೆಗೆ ಮಗುವನ್ನು ತರ್ಲಿಕ್ಕಿಲ್ಲ."

"ಅದು ಆಕ್ಟಿಂಗ್ ಮಾರಾಯ್ತಿ!"

"ಕರೆಸಿಕೊಂಡವರಿಗೆ ಅದು ಆಕ್ಟಿಂಗ್ ಅಂತ ಹೇಳಿದವರು ಯಾರು?"

ಇದಕ್ಕೆ ನಿಮ್ಮಲ್ಲಿ ಉತ್ತರವಿದೆಯೇ? ಆ ರಾತ್ರಿ ನಾನೂ ಆ ಬಾಗಿಲಿಗೆ ಬೆನ್ನು ಹಾಕಿ ಮಲಗಲಿಲ್ಲ.

ಬೆಳಿಗ್ಗೆ ನಾನು ಫೋನ್ ಮಾಡಿದ್ದಕ್ಕೆ ಯಜಮಾನರ ತಮ್ಮ ಫೆಲಿಕ್ಸ್ ಬೀಗದ ಕೈ ಹಿಡಿದು ನಗುತ್ತಲೇ ಬಂದರು.

"ಹೌದು ಸರ್, ಶೂಟಿಂಗ್ ಇಲ್ಲೇ ಆದದ್ದು. ಹೇಳಿದ್ರೆ ನೀವು ಬರ್ತಿರ್ಲಿಲ್ಲ ಅಂತ ಹೇಳ್ಲಿಲ್ಲ. ಊಟ ಬಡಿಸಿದ್ದು ನಮ್ಮ ಪಕ್ಕದೂರು ಹೂಡೆಯ ಅಡಿಗೆಯಮ್ಮ. ಪಾಪ, ಸಿನಿಮಾ ಅಂತ ಗೊತ್ತಿದ್ರೂ ಕ್ರಮಪ್ರಕಾರವೇ ಬಡಿಸಿದ್ರು."

"ಎಲೆ ತೆಗೆದದ್ದು ಯಾರು?" ವಾರಿಜ ಕೇಳಿದಳು.

ಫೆಲಿಕ್ಸ್ ನಗು ನಿಲ್ಲಿಸಿದರು. "ಸಿನಿಮಾದವರೇ ತೆಗೆದಿರ್ಬೇಕಲ್ವಾ? ಪ್ಯಾಕಪ್ ಅಂದ್ರು. ನಾನು ಒಳಗೆ ನೋಡದೆ ಬೀಗ ಹಾಕಿದೆ."

ಬೀಗಕ್ಕೆ ತುಕ್ಕು ಹಿಡಿದಿತ್ತು. ಫೆಲಿಕ್ಸ್ ಬಾಗಿಲು ದೂಡಲು ಹೋದಾಗ ವಾರಿಜ ತಡೆದಳು. ತಾನೇ ಮುಂದೆ ಬಂದು ಬಾಗಿಲು ತಟ್ಟಿದಳು. ಯಾರೋ ಇರುವ ಕೋಣೆಯನ್ನು ತಟ್ಟುವ ಹಾಗೆ, ಮರ್ಯಾದೆಯಿಂದ. ಆಮೇಲೆ ಬಾಗಿಲು ದೂಡಿದಳು.

ಒಳಗೆ ಸೂಟ್‌ಕೇಸುಗಳು, ಒಂದು ಮುರುಕು ಮಂಚ, ಧೂಳು. ಗೋಡೆಯ ಬುಡದಲ್ಲಿ ಒಂದು ಮಣೆ. ಅದರ ಮುಂದೆ ಒಣಗಿ ಕಂದಾದ ಬಾಳೆ ಎಲೆ.

ಎಲೆ ಮಡಚಿತ್ತು.

ಒಣಗಿದ ಎಲೆ ತಾನಾಗಿ ಸುರುಟಿಕೊಳ್ಳುತ್ತದೆ. ಅಷ್ಟು ನನಗೂ ಗೊತ್ತು. ಆದರೆ ಇದು ಸುರುಟಿರಲಿಲ್ಲ. ಉಂಡೆದ್ದವರು ಮಡಚುವ ಹಾಗೆ ನೇರ ಅರ್ಧಕ್ಕೆ ಮಡಚಿತ್ತು. ಯೂನಿಟ್ಟಿನ ಹುಡುಗರಲ್ಲಿ ಯಾರೋ ಮಡಚಿಟ್ಟು ಎತ್ತಲು ಮರೆತಿರಬೇಕು ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಫೆಲಿಕ್ಸ್ ಶಿಲುಬೆಯ ಗುರುತು ಮಾಡಿಕೊಂಡರು.

ವಾರಿಜ ಹೊಸ್ತಿಲಲ್ಲಿ ನಿಂತು ಕೈ ಮುಗಿದಳು.

"ಉಂಡಾಯಿತಲ್ಲ, ಇನ್ನು ನಿಮ್ಮ ಜಾಗಕ್ಕೆ ಹೋಗಿ. ಈ ಮನೆಗೆ ಒಂದು ಮಗು ಬರ್ಲಿಕ್ಕುಂಟು."

ಹಾಗೆಂದು ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಫೆಲಿಕ್ಸ್ ಸರಿದರು. ವಿಜ್ಞಾನದ ಪದವೀಧರನಾದ ನಾನೂ ಗೋಡೆಗೆ ಒತ್ತಿ ನಿಂತೆ.

ಖಾಲಿ ಕೋಣೆಯ ಎದುರು ನಾವು ಮೂವರೂ ದಾರಿ ಬಿಟ್ಟದ್ದಾದರೂ ಯಾರಿಗೆ?