ಟಿವಿಯಲ್ಲಿ ಐದು ಗಂಟೆ ಅಂತ ಇತ್ತು

ರಾಣೆಬೆನ್ನೂರಿನ ನಮ್ಮ ಕೇಬಲ್ ಟಿವಿಯ ಕಂಟ್ರೋಲ್ ರೂಮಿನಲ್ಲಿ ನಾನು ಹದಿನೈದು ವರ್ಷದಿಂದ ಕೂತಿದ್ದೇನೆ. ಹೆಸರು ದೊಡ್ಡದು, ಇರುವುದು ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಕಂಪ್ಯೂಟರು, ಸದಾ ಗೊಣಗುವ ಫ್ಯಾನು. ನಮ್ಮ ಲೋಕಲ್ ಚಾನೆಲ್ಲಿನಲ್ಲಿ ಸಿನಿಮಾ ನೋಡುವವರು ಈಗ ಯಾರೂ ಇಲ್ಲ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಆದರೆ ಪರದೆಯ ಕೆಳಗೆ ಓಡುವ ಪಟ್ಟಿಯನ್ನು ಜನ ಇನ್ನೂ ಓದುತ್ತಾರೆ. ಬ್ಯಾಡಗಿ ಪೇಟೆಯ ಮೆಣಸಿನಕಾಯಿ ದರ, ಸೀರೆ ಅಂಗಡಿಯ ರಿಯಾಯಿತಿ, ನಡುವೆ ಸತ್ತವರ ಸುದ್ದಿ. "ಟಿವ್ಯಾಗ ಬಂತು" ಎಂದ ಮೇಲೆಯೇ ನಮ್ಮ ಕಡೆ ಸಾವು ಖರೇ ಆಗುವುದು.

ಆ ಸುದ್ದಿ ಬರೆಯುವವನು ನಾನೇ. ಬರೆಯುವುದೇನು ಬಂತು, ಹಿಂದಿನ ಸಾವಿನ ಸುದ್ದಿಯನ್ನೇ ತೆರೆದು ಹೆಸರು, ಊರು, ಫೋಟೋ, ಸಮಯ ಬದಲಿಸುವುದು. ಎರಡು ನಿಮಿಷದ ಕೆಲಸ. ಆ ಚುರುಕುತನದ ಬಗ್ಗೆ ನನಗೆ ಜಂಬವೂ ಇತ್ತು.

ನಮ್ಮ ಲೈನ್‌ಮನ್ ಚಾಚಾ ಕಂಬ ಹತ್ತಿ ಹತ್ತಿ ಅಂಗೈ ಒರಟಾದ ಮುದುಕ. ಕುಪ್ಪೇಲೂರು ಹಳ್ಳಿಯವರೆಗೆ ಕೇಬಲ್ ಎಳೆದದ್ದು ಅವನೇ; ಅಲ್ಲಿ ಮೊದಲ ಕನೆಕ್ಷನ್ ಕೊಟ್ಟದ್ದು ತನ್ನ ತಂಗಿಯ ಮನೆಗೆ. ಚಹಾ ಕುಡಿಯಲು ಬಂದಾಗಲೆಲ್ಲ ನನ್ನ ಕುರ್ಚಿಯ ಹಿಂದೆ ನಿಂತು, "ನಂದೂ ಒಂದಿನ ನೀನಽ ಹಾಕ್ತಿ. ಫೋಟೋ ಮಾತ್ರ ಚಲೋದು ಹಾಕಪಾ" ಎನ್ನುತ್ತಿದ್ದ. ನಾನು ನಗುತ್ತಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ಅವನ ಮಗನ ಫೋನು ಬಂತು. ಎದೆನೋವೆಂದು ಎದ್ದ ಚಾಚಾ ಆಸ್ಪತ್ರೆ ಮುಟ್ಟಿರಲಿಲ್ಲ. "ಮಧ್ಯಾಹ್ನದ ನಮಾಜ್ ಆದಮ್ಯಾಲ ಒಯ್ತೀವ್ರಿ, ಎರಡಕ್ಕ. ಟಿವ್ಯಾಗ ಹಾಕಿಬಿಡ್ರಿ" ಎಂದ. ಕಣ್ಣು ಒರೆಸಿಕೊಳ್ಳುತ್ತಲೇ ಕೂತೆ. ಚಲೋ ಫೋಟೋ ಹುಡುಕುವುದರಲ್ಲೇ ಅರ್ಧ ಗಂಟೆ ಹೋಯಿತು. ಕೊನೆಗೆ ಕಂಬದ ಕೆಳಗೆ ನಗುತ್ತ ನಿಂತದ್ದು ಒಂದು ಸಿಕ್ಕಿತು. ಅದನ್ನು ಹಾಕಿ, ಪಟ್ಟಿಯನ್ನು ಓಡಲು ಬಿಟ್ಟು ಅವನ ಮನೆಗೆ ಹೋದೆ. ಎರಡಕ್ಕೆ ಎಲ್ಲರ ಜೊತೆ ಖಬರಸ್ತಾನಕ್ಕೆ ನಡೆದು ಮೂರು ಹಿಡಿ ಮಣ್ಣು ಹಾಕಿದೆ.

ತಿರುಗಿ ಬಂದು ಮನೆಯ ಮುಂದೆ ಕೂತಿದ್ದೆವು. ಮೂರೂವರೆಗೆ ಅವನ ತಂಗಿ ಆಟೋದಿಂದ ಇಳಿದರು. ಒಳಗೆ ಹೋಗಿ ನೋಡಿ, ಹೊರಗೆ ಬಂದು, "ಅಣ್ಣ ಎಲ್ಲಿ?" ಎಂದರು. ಅವರಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವ ರೂಢಿಯಿಲ್ಲ. ಮುಖ ನೋಡುವುದಿದ್ದರೆ ಮನೆಯಲ್ಲೇ, ಎತ್ತುವ ಮೊದಲು.

"ಫೋನಿನ್ಯಾಗ ಹೋದಾ ಅಂದಿದ್ದಷ್ಟ ಕೇಳ್ತು, ಕಟ್ ಆತು. ಮತ್ತ ಹತ್ತಲಿಲ್ಲ. ಟಿವಿ ಹಚ್ಚಿ ನೋಡಿದ್ನಿ, ಸಂಜಿ ಐದಕ್ಕ ಅಂತಿತ್ತು. ಅದಕ್ಕ ಎರಡರ ಬಸ್ಸಿಗೆ ಬಂದ್ನಿ."

ಐದು ಗಂಟೆ ಎಂಬುದು ಹಿಂದಿನ ದಿನ ತೀರಿಕೊಂಡ ವ್ಯಾಪಾರಿಯೊಬ್ಬರ ಅಂತ್ಯಕ್ರಿಯೆಯ ಸಮಯ. ಹೆಸರು ಬದಲಿಸಿದ್ದೆ, ಊರು ಬದಲಿಸಿದ್ದೆ, ಫೋಟೋ ಬದಲಿಸಿದ್ದೆ. ಸಮಯ ಒಂದನ್ನು ಮರೆತಿದ್ದೆ.

ನಾನು ಏಳುವಷ್ಟರಲ್ಲಿ ಅವರೇ ಹಣೆ ಬಡಿದುಕೊಂಡರು. "ಟಿವಿ ಯಾಕ ಸುಳ್ಳ ಹೇಳೀತು, ನಮ್ಮಣ್ಣ ಎಳದಿದ್ದ ವಾಯರ್ ಅದು. ನನ್ನ ಕಣ್ಣಿಗಿಷ್ಟು ಬೆಂಕಿ ಹಾಕ, ನಾನಽ ತಪ್ಪ ಓದೇನಿ."

ಆಗ ಹೇಳಬೇಕಿತ್ತು. ಹೇಳಲಿಲ್ಲ, ಹೇಡಿ ನಾನು. ಕಂಟ್ರೋಲ್ ರೂಮಿಗೆ ಓಡಿದೆ. ಪರದೆಯ ಮೇಲೆ ಚಾಚಾ ನಗುತ್ತಿದ್ದ, ಕೆಳಗೆ ಸಂಜೆ ಐದಕ್ಕೆ ಎಂದು ಓಡುತ್ತಲೇ ಇತ್ತು. ಇನ್ನೊಬ್ಬರ ಕಣ್ಣಿಗೆ ಬೀಳುವ ಮೊದಲು ಅಳಿಸಿದೆ.

ಈಗ ಪ್ರತಿ ಸಾವಿಗೂ ಹೊಸದಾಗಿ ಬರೆಯುತ್ತೇನೆ. ಅದರಿಂದ ಯಾರಿಗೇನು ಬಂತು. ಕುಪ್ಪೇಲೂರಿನಲ್ಲಿ ಬಹಳ ಮಂದಿ ಕೇಬಲ್ ತೆಗೆಸಿದ್ದಾರೆ, ಚಾಚಾನ ತಂಗಿಯ ಮನೆಯಲ್ಲಿ ಮಾತ್ರ ಉಳಿದಿದೆ. ಹೋದ ವಾರ ಅಲ್ಲಿ ಲೈನ್ ಸರಿಮಾಡಿ ಬಂದ ನಮ್ಮ ಹೊಸ ಲೈನ್‌ಮನ್ ಹೇಳಿದ: ಅವರು ಕನ್ನಡಕ ಮಾಡಿಸಿಕೊಂಡಿದ್ದಾರಂತೆ, ಟಿವಿಯ ಹತ್ತಿರ ಕೂತು ಪ್ರತಿ ಸಾವಿನ ಸುದ್ದಿಯನ್ನೂ ಎರಡೆರಡು ಸಲ ಓದುತ್ತಾರಂತೆ.