ಕಾರವಾರದಿಂದ ತಂದ ಬಾವಿ ನೀರು

ಹೊಟ್ಟೆ ಭಾರವಾಗಿ ಬಿದ್ದ ಕನಸು ಅಂತ ಯಾರಾದರೂ ಅನ್ನುವ ಮೊದಲೇ ಹೇಳಿಬಿಡುತ್ತೇನೆ, ಆ ರಾತ್ರಿ ನಾನು ಊಟವನ್ನೇ ಮಾಡಿರಲಿಲ್ಲ. ತಟ್ಟೆಗೆ ಅನ್ನ ಬಡಿಸಿಕೊಂಡವಳು ವಾಸನೆ ತಡೆಯಲಾರದೆ ಹಾಗೇ ಮುಚ್ಚಿಟ್ಟಿದ್ದೆ. ಭದ್ರಾವತಿಯ ನಮ್ಮ ಕ್ವಾರ್ಟರ್ಸಿನಲ್ಲಿ, ನಾನು ಪೂರ್ತಿ ಎಚ್ಚರವಿದ್ದಾಗ ನಡೆದದ್ದು ಇದು. ನಮ್ಮನೆಯವರು ಪಕ್ಕದಲ್ಲೇ ಇದ್ದರು. ಆ ವಾಸನೆಗೆ ಪಕ್ಕದ ಮನೆಯ ಸೆಲ್ವಿಯೂ ಸಾಕ್ಷಿ.

ನಮ್ಮನೆಯವರು ಕಾರ್ಖಾನೆಯಿಂದ ನಿವೃತ್ತರಾಗಿದ್ದರು, ಕ್ವಾರ್ಟರ್ಸ್ ಖಾಲಿ ಮಾಡುವ ದಿನ ಹತ್ತಿರ ಬಂದಿತ್ತು. ಶಿವಮೊಗ್ಗದಲ್ಲಿ ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆದವು. ದುರ್ಗಿಗುಡಿಯಲ್ಲಿ ಎರಡು ಕೋಣೆಗೆ ಕೇಳುವ ಬಾಡಿಗೆಗೆ ಕಾರವಾರದಲ್ಲಿ ಹಿತ್ತಲು, ಬಾವಿ ಇರುವ ಇಡೀ ಮನೆಯೇ ಸಿಗುತ್ತದೆ ಅಂತ ಇವರ ಸ್ನೇಹಿತರೊಬ್ಬರು ಆಸೆ ಹುಟ್ಟಿಸಿದರು.

“ಗೋವಾಕ್ಕೆ ಹೋಗೋರು ಕಾರವಾರನ ಕಿಟಕಿಲಿ ನೋಡ್ಕೊಂಡು ಮುಂದೆ ಹೋಗ್ತಾರೆ ಮಾರಾಯ. ಯಾರೂ ಇಳಿಯಲ್ಲ. ಅದಕ್ಕೇ ಅಗ್ಗ.”

ಇವರಿಗೆ ಅಷ್ಟೇ ಸಾಕಾಯಿತು. ಮೂವತ್ತು ವರ್ಷ ಕಾರ್ಖಾನೆಯ ಹೊಗೆ ಕುಡಿದವರು, ಇನ್ನು ಸಮುದ್ರದ ಗಾಳಿ ಕುಡಿಯಬೇಕು ಅಂತ ಹಟ ಹಿಡಿದರು. ಇಬ್ಬರೂ ಬಸ್ಸು ಹತ್ತಿ ಮನೆ ನೋಡಲು ಹೋದೆವು.

ಮನೆ ನಿಜಕ್ಕೂ ಚೆನ್ನಾಗಿತ್ತು. ಕೆಂಪು ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಹಿಂದೆ ಕಟ್ಟೆ ಕಟ್ಟಿದ ಬಾವಿ, ದೂರದಲ್ಲಿ ಸಮುದ್ರದ ಮೊರೆತ. ಆದರೆ ಹಿತ್ತಲಿಗೆ ಕಾಲಿಟ್ಟ ಕೂಡಲೇ ಒಂದು ನಾತ ಬಂದು ಮುಖಕ್ಕೆ ಬಡಿಯಿತು. ನಾನು ಸೆರಗು ಮೂಗಿಗೆ ಒತ್ತಿಕೊಂಡೆ.

“ಸಮುದ್ರದ ಊರು ಕಣೇ. ಮೀನಿನ ವಾಸನೆ ಬರ್ದೆ ಮಲ್ಲಿಗೆ ವಾಸನೆ ಬರುತ್ತಾ?” ಅಂದರು ಇವರು.

ನಾನೂ ನಂಬಿದೆ. ನಾವು ಲಿಂಗ ಕಟ್ಟಿದ ಮಂದಿ. ಹುಟ್ಟಿದಾಗಿನಿಂದ ಮೀನಿನ ಅಂಗಡಿ ಬಂದರೆ ರಸ್ತೆಯ ಆ ಬದಿಗೆ ದಾಟಿದವರು. ನಮ್ಮ ಮೂಗಿಗೆ ಕರಾವಳಿಯ ಕೆಟ್ಟ ವಾಸನೆಯೆಲ್ಲ ಮೀನಿನದೇ! ಬೇರೆ ಏನಾದರೂ ಇರಬಹುದೆಂದು ಹೊಳೆಯಲೇ ಇಲ್ಲ.

ನಮ್ಮ ಅಜ್ಜಿ ಹೇಳುತ್ತಿದ್ದ ಒಂದು ಪದ್ಧತಿ ನಮ್ಮ ಮನೆತನದಲ್ಲಿದೆ. ಹೊಸ ಮನೆ ಹಿಡಿಯುವ ಮುಂಚೆ ಆ ಮನೆಯ ನೀರನ್ನು ಒಂದು ಚೊಂಬಿನಷ್ಟು ತಂದು ದೇವರ ಮುಂದೆ ಒಂದು ರಾತ್ರಿ ಇಡಬೇಕು. ಬೆಳಿಗ್ಗೆ ನೀರು ತಿಳಿಯಾಗಿದ್ದರೆ ಎಲ್ಲರೂ ಒಂದೊಂದು ಗುಟುಕು ಕುಡಿದು ಹೊರಡಬೇಕು. “ಮನೆ ಕಣ್ಣಿಗೆ ಸುಳ್ಳು ಹೇಳುತ್ತೆ, ನೀರು ಹೇಳಲ್ಲ” ಅನ್ನುತ್ತಿದ್ದಳು ಅಜ್ಜಿ. ಇವರು ನಕ್ಕರೂ ಬೇಡ ಅನ್ನಲಿಲ್ಲ. ಬಾವಿಯಿಂದ ಸೇದಿ ಬಾಟಲಿಗೆ ತುಂಬಿಸಿಕೊಂಡೆ. ನೀರು ಗಾಜಿನಂತೆ ತಿಳಿಯಾಗಿತ್ತು.

ವಾಪಸ್ ಬರುವಾಗ ಬಸ್ಸು ಸಾಗರದ ಪೇಟೆ ದಾಟುವಷ್ಟರಲ್ಲಿ ಮುಂದಿನ ಸೀಟಿನ ಹೆಂಗಸು ಮೂಗು ಮುಚ್ಚಿಕೊಂಡು ಎದ್ದು ಹಿಂದಕ್ಕೆ ಹೋದಳು. “ಸರಿ ಹೋಯ್ತು, ನಮ್ಮನ್ನ ಮೀನು ಮಾರೋರು ಅಂದ್ಕೊಂಡ್ಳು” ಅಂತ ಇವರು ನಕ್ಕರು. ನನಗೆ ನಗು ಬರಲಿಲ್ಲ. ಬಾಟಲಿಯ ಮುಚ್ಚಳ ಬಿಗಿಯಾಗೇ ಇತ್ತು...

ಮನೆಗೆ ಬಂದಾಗ ಕತ್ತಲಾಗಿತ್ತು. ನೀರನ್ನು ಹಿತ್ತಾಳೆ ಚೊಂಬಿಗೆ ಕಂಠದವರೆಗೆ ಸುರಿದು, ದೇವರ ಗೂಡಿನ ಮುಂದೆ ಮಣೆಯ ಮೇಲಿಟ್ಟೆ. ಮೇಲೊಂದು ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದೆ.

ಹತ್ತು ಗಂಟೆಯ ಹೊತ್ತಿಗೆ ನಾತ ಮನೆಯೆಲ್ಲ ಹಬ್ಬಿತು. ಊದುಬತ್ತಿ ಹಚ್ಚಿದೆ. ಅದರ ಸಿಹಿ ಘಮ ಸೇರಿಕೊಂಡು ಇನ್ನಷ್ಟು ಅಸಹ್ಯವಾಯಿತು... ತಿಂಗಳುಗಟ್ಟಲೆ ಬಿಚ್ಚದ ಹುಣ್ಣಿನ ಬಟ್ಟೆಗೆ ಅತ್ತರು ಸುರಿದ ಹಾಗೆ. ಬಾಯಲ್ಲಿ ನೀರೂರುತ್ತಿತ್ತು, ವಾಂತಿಗೆ ಮುಂಚೆ ಊರುತ್ತದಲ್ಲ, ಆ ನೀರು.

“ಚೆಲ್ಬಿಡ್ಲೇನ್ರೀ?”

“ನಿನ್ ಪದ್ಧತಿ, ನಿನ್ ಚೊಂಬು. ಬೆಳಿಗ್ಗೆವರೆಗೆ ತಡ್ಕೋ ಮಾರಾಯ್ತಿ. ಬೆಳಿಗ್ಗೆ ಆ ಮನೆಯೋರಿಗೆ ಫೋನ್ ಮಾಡಿ ಹೂಂ ಅಂತೀನಿ.”

ದೀಪ ಆರಿಸಿ ನಡುಮನೆಯಲ್ಲಿ ಮಲಗಿದೆವು. ನಿದ್ದೆ ಎಲ್ಲಿಂದ ಬರಬೇಕು... ಫ್ಯಾನಿನ ಸದ್ದು ಎಣಿಸುತ್ತಾ ಬಿದ್ದುಕೊಂಡಿದ್ದೆ.

ಆಗ ಕೇಳಿಸಿತು.

ಗುಟುಕ್... ಗುಟುಕ್... ಗುಟುಕ್...

ದೇವರ ಗೂಡಿನ ಕಡೆಯಿಂದ. ಬಾಯಾರಿ ಬಂದವರು ಉಸಿರನ್ನೂ ಎಳೆಯದೆ ಗಟಗಟ ಕುಡಿಯುವಂಥ ಸದ್ದು. ಇವರಿಗೆ ರಾತ್ರಿ ಎದ್ದು ನೀರು ಕುಡಿಯುವ ಅಭ್ಯಾಸವಿದೆ. ಕತ್ತಲಲ್ಲಿ ಆ ಚೊಂಬನ್ನೇ ಎತ್ತಿಕೊಂಡರಲ್ಲ ಅಂತ ಕೂಗಿದೆ.

“ಥೂ, ಅದನ್ನ ಕುಡೀಬೇಡ್ರೀ!”

“ಏನನ್ನೇ?”

ಧ್ವನಿ ನನ್ನ ಪಕ್ಕದಿಂದಲೇ ಬಂತು... ಇವರ ಬೆಚ್ಚನೆಯ ಕೈ ನನ್ನ ಮಣಿಕಟ್ಟಿನ ಮೇಲಿತ್ತು.

ಕುಡಿಯುವ ಸದ್ದು ನಿಂತಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒದ್ದೆ ಒದ್ದೆಯಾಗಿ, ನಿಧಾನವಾಗಿ, ಬೆರಳು ನೆಕ್ಕುವ ಸದ್ದು. ಒಂದು ಬೆರಳು... ಇನ್ನೊಂದು ಬೆರಳು... ಇವರಿಗೂ ಕೇಳಿಸಿತು. ನನ್ನ ಕೈಯನ್ನು ಹಿಂಡಿದ್ದರಿಂದ ಗೊತ್ತಾಯಿತು.

ಇವರೇ ಎದ್ದು ದೀಪ ಹಾಕಿದರು. ಅಲ್ಲಿ ಯಾರೂ ಇರಲಿಲ್ಲ. ತಟ್ಟೆ ಇಟ್ಟ ಹಾಗೇ ಇತ್ತು, ವಿಭೂತಿಯ ಮೂರು ಗೆರೆಯೂ ಅಳಿಸಿರಲಿಲ್ಲ. ತಟ್ಟೆ ಎತ್ತಿದೆವು. ಕಂಠದವರೆಗಿದ್ದ ನೀರು ಅರ್ಧಕ್ಕೆ ಇಳಿದಿತ್ತು. ಉಳಿದದ್ದರ ಮೇಲೆ ಹಳದಿ ಕೆನೆಯಂತೆ ಏನೋ ಕಟ್ಟಿತ್ತು. ಚೊಂಬಿನ ಒಳಬಾಯಿಗೆ ಸುತ್ತಲೂ ಲೋಳೆ, ಯಾರೋ ನಾಲಿಗೆ ಆಡಿಸಿದ ಹಾಗೆ ಗೆರೆಗೆರೆಯಾಗಿ...

“ಚೊಂಬು ಸೋರಿರ್ಬೇಕು” ಅಂದರು ಇವರು. ಮಣೆಯನ್ನು ಮುಟ್ಟಿ ನೋಡಿದೆ, ಒಂದು ಹನಿಯೂ ಇರಲಿಲ್ಲ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಿಗೆ ಇಬ್ಬರೂ ಹಾರಿಬಿದ್ದೆವು. ಸೆಲ್ವಿ. ಸೆರಗು ಮೂಗಿಗೆ ಒತ್ತಿಕೊಂಡೇ ನಿಂತಿದ್ದಳು.

“ಅಯ್ಯಯ್ಯೋ, ಏನ್ ಸತ್ತಿದೆ ಗಿರಿಜಕ್ಕಾ ನಿಮ್ಮನೇಲಿ? ನಮ್ಮನೇಲಿ ಕೂರೋಕೆ ಆಗ್ತಿಲ್ಲ!”

“ಕಾರವಾರದ ನೀರು ಕಣೇ ಸೆಲ್ವಿ. ಮೀನಿನ ವಾಸನೆ...”

ಅವಳು ಒಂದು ಹೆಜ್ಜೆ ಒಳಗಿಟ್ಟು ಮೂಸಿದಳು. ಮುಖದ ಬಣ್ಣವೇ ಹೋಯಿತು.

“ಹಾಲು ಬಿಟ್ಟ ಮೇಲೆ ಮೀನೇ ತಿಂದು ಬೆಳೆದೋಳು ನಾನು. ಕೆಟ್ಟ ಮೀನು, ಒಣ ಮೀನು, ಕೊಳೆತ ಮೀನು ಎಲ್ಲಾ ಗೊತ್ತು. ಇದು ಮೀನಲ್ಲಕ್ಕಾ.” ಆಮೇಲೆ ಪಿಸುಗುಟ್ಟಿದಳು, “ಬನ್ನಿ ಈಚೆಗೆ. ಇಬ್ರೂ ಬನ್ನಿ.”

ಬೆಳಗಾಗುವವರೆಗೆ ಸೆಲ್ವಿಯ ಅಡುಗೆಮನೆಯಲ್ಲಿ ಕೂತಿದ್ದೆವು. ಅಷ್ಟು ವರ್ಷ ಅಕ್ಕಪಕ್ಕ ಇದ್ದರೂ ನಾನು ಅದರ ಹೊಸ್ತಿಲು ದಾಟಿದವಳಲ್ಲ. ಒಲೆಯ ಮೇಲೆ ರಾತ್ರಿಯ ಮೀನಿನ ಸಾರು ಉಳಿದಿತ್ತು. ಹುಣಸೆ, ಮೆಣಸು, ಎಣ್ಣೆಯ ವಾಸನೆ. ನಿಜವಾದ ಮೀನಿನ ವಾಸನೆ ಹೇಗಿರುತ್ತದೆಂದು ಅವತ್ತು ಗೊತ್ತಾಯಿತು. ಆ ಹೊತ್ತಿಗೆ ಅದು ನನಗೆ ಗಂಧ ತೇದಿಟ್ಟ ಹಾಗಿತ್ತು.

“ಇನ್ಮೇಲೆ ಮೂಗು ಮುರೀಬೇಡಿ ಅಕ್ಕಾ” ಅಂತ ಸೆಲ್ವಿ ನಗಿಸಲು ನೋಡಿದಳು.

ಬೆಳಿಗ್ಗೆ ನೀರನ್ನು ಮೋರಿಗೆ ಸುರಿದೆವು. ಚೊಂಬನ್ನು ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ತಿಕ್ಕಿದೆ. ಲೋಳೆ ಹೋಯಿತು, ನಾತ ಹೋಗಲಿಲ್ಲ. ಹಳೆ ಪಾತ್ರೆಯವನಿಗೆ ಕೊಡಲು ಮನಸ್ಸು ಒಪ್ಪಲಿಲ್ಲ, ಯಾರಾದರೂ ಅದರಲ್ಲಿ ನೀರು ಕುಡಿದರೆ? ಹಿತ್ತಲಲ್ಲಿ ಹೂತುಬಿಟ್ಟೆವು. ಇವರು ಕಾರವಾರಕ್ಕೆ ಫೋನ್ ಮಾಡಿ ಮನೆ ಬೇಡ ಅಂದರು. ಮನೆಯ ಯಜಮಾನರು ಯಾಕೆ ಅಂತ ಕೇಳಲೇ ಇಲ್ಲ. “ಆಯ್ತು” ಅಂದರು, ಫೋನ್ ಇಟ್ಟುಬಿಟ್ಟರು.

ಈಗ ದುರ್ಗಿಗುಡಿಯಲ್ಲಿ, ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದೇವೆ. ಇಕ್ಕಟ್ಟು, ಬಾಡಿಗೆ ಜಾಸ್ತಿ. ಆದರೂ ನೆಮ್ಮದಿಯಾಗಿದ್ದೇವೆ ಅಂದುಕೊಂಡಿದ್ದೆ.

ಮೊನ್ನೆ ಊಟದ ನಡುವೆ ಇವರು ನೀರಿನ ಲೋಟ ಕೆಳಗಿಟ್ಟು, “ಇನ್ನೊಂದ್ಸಲ ಕಾರವಾರಕ್ಕೆ ಹೋಗ್ಬರೋಣ್ವೇನೇ?” ಅಂದರು.

“ಯಾಕ್ರೀ?”

“ಏನಿಲ್ಲ... ಎಷ್ಟು ಸಿಹಿ ಇತ್ತು ಆ ನೀರು.”

ಕಾರವಾರದಲ್ಲಿದ್ದಷ್ಟು ಹೊತ್ತೂ ಇವರು ಮನೆಯಿಂದ ಒಯ್ದ ನೀರನ್ನೇ ಕುಡಿದವರು. ಆ ರಾತ್ರಿ ಸದ್ದು ಕೇಳಿದಾಗ ನನ್ನ ಪಕ್ಕದಲ್ಲೇ ಮಲಗಿದ್ದವರು. ಬಾವಿಯ ಆ ನೀರು ಇವರ ನಾಲಿಗೆಗೆ ತಾಗಿದ್ದಾದರೂ ಯಾವಾಗ? ಕೇಳಬೇಕು ಅಂದುಕೊಂಡೆ. ಬದಲಿಗೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಇವತ್ತು ಬೆಳಿಗ್ಗೆ ಒಗ್ಗರಣೆ ಹಾಕುತ್ತಿದ್ದೆ. ಹೊರಗೆ ಇವರು ತಗ್ಗಿದ ದನಿಯಲ್ಲಿ ಯಾರನ್ನೋ ಫೋನಿನಲ್ಲಿ ಕೇಳುತ್ತಿದ್ದರು, “ಮನೆ ಇನ್ನೂ ಖಾಲಿ ಇದ್ಯಾ?”